ಪವಿತ್ರ ವಾರಕ್ಕೆ ಅಮ್ಮನನ್ನು ಕೊಲಂಬಿಯಾದ ಬೆಟ್ಟದೂರುಗಳಿಗೆ ಕರೆದೊಯ್ಯಬಹುದೇ?

ಪ್ರಶ್ನೆ: ನಾವು ದಾವಣಗೆರೆಯವರು, ಈಗ ಡಲ್ಲಾಸ್‌ನಲ್ಲಿದ್ದೇವೆ. ಊರಿನಿಂದ ಅಮ್ಮ ಬಂದಿರುತ್ತಾರೆ. ವಯಸ್ಸು 64, ಬಿಪಿಗೆ ದಿನಾ ಮಾತ್ರೆ, ಮೊಣಕಾಲು ನೋವು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. 2027ರ ಈಸ್ಟರ್ ವಾರದಲ್ಲಿ, ಮಾರ್ಚ್ 20ರಿಂದ 29ರವರೆಗೆ, ಕೊಲಂಬಿಯಾದ ಬೊಯಾಕಾ ಪ್ರಾಂತ್ಯಕ್ಕೆ ಹೋಗುವ ಆಸೆ. ಮೊದಲ ಎರಡು ರಾತ್ರಿ ಬೊಗೊಟಾ, ಆಮೇಲೆ ತೋತಾ ಸರೋವರ ಮತ್ತು ಮೊಂಗೀ, ಗುರುವಾರದಿಂದ ಭಾನುವಾರದವರೆಗೆ ವಿಯಾ ದೆ ಲೇವಾ ಎಂದುಕೊಂಡಿದ್ದೇವೆ. ಎತ್ತರಕ್ಕೆ ಉಸಿರು ಕಟ್ಟುತ್ತದೆ, ಕೋಕಾ ಎಲೆಯ ಟೀ ಕುಡಿಯಲೇಬೇಕು ಎಂದು ಸ್ನೇಹಿತರು ಹೆದರಿಸಿದ್ದಾರೆ. ಅಮ್ಮ ದಿನಾ ವಿಭೂತಿ ಹಚ್ಚುತ್ತಾರೆ, ಅಷ್ಟು ಸಂಪ್ರದಾಯಸ್ಥ ಕ್ಯಾಥೊಲಿಕ್ ಸೀಮೆಯಲ್ಲಿ ಚರ್ಚಿನೊಳಗೆ ಬಿಡುತ್ತಾರೆಯೇ? ಮೆರವಣಿಗೆಯಲ್ಲಿ ಚೂಪು ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡವರ ಫೋಟೋ ನೋಡಿ ನಮ್ಮ ಯಜಮಾನರಿಗೆ ದಿಗಿಲಾಗಿದೆ. ಶುಭ ಶುಕ್ರವಾರ ಅಲ್ಲಿ ಯಾರೂ ಮಾಂಸ ತಿನ್ನುವುದಿಲ್ಲವಂತೆ, ಹಾಗಾದರೆ ಊಟಕ್ಕೆ ಆ ವಾರವೇ ಸಲೀಸಲ್ಲವೇ? ನಮ್ಮಿಬ್ಬರ ಅಮೆರಿಕ ವೀಸಾ 2027ರ ಜೂನ್ ಕೊನೆಯವರೆಗಿದೆ, ಅಮ್ಮನದು ಇನ್ನೂ ಆರು ವರ್ಷ ಇದೆ. ಅಮ್ಮ ಏಪ್ರಿಲ್ 1ಕ್ಕೆ ಬೆಂಗಳೂರಿಗೆ ಹೊರಡುತ್ತಾರೆ. ಇದೆಲ್ಲ ಸರಿಯಿದೆಯೇ, ಅಮ್ಮನನ್ನು ಬಿಟ್ಟು ಹೋಗುವುದೇ ವಾಸಿಯೇ?

ಉತ್ತರ: ಅಮ್ಮನನ್ನು ಬಿಟ್ಟು ಹೋಗಬೇಡಿ. ಈ ಪ್ರವಾಸ ನಿಮಗಿಂತ ಅವರಿಗೇ ಹೆಚ್ಚು ಹಿಡಿಸೀತು. ಆದರೆ ನೀವು ಹಾಕಿಕೊಂಡಿರುವ ಊರುಗಳ ಕ್ರಮ ತಿರುವುಮುರುವಾಗಬೇಕು. ಅದಕ್ಕಿಂತ ಮೊದಲು, ನೀವು ಪ್ರಶ್ನೆಯಾಗಿ ಕೇಳದೆ ಸುಮ್ಮನೆ ಬರೆದಿರುವ ಎರಡು ತಾರೀಖುಗಳಲ್ಲೇ ದೊಡ್ಡ ತೊಡಕು ಇದೆ. ಟಿಕೆಟ್ ಕೊಳ್ಳುವ ಮುನ್ನ ಅವು ಬಗೆಹರಿಯಬೇಕು.

ಮೊದಲನೆಯದು ವೀಸಾ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೊಲಂಬಿಯಾ ವೀಸಾ ಬೇಕು. ಅಮೆರಿಕದ ಅಥವಾ ಯುರೋಪಿನ ಶೆಂಗೆನ್ ದೇಶಗಳ ವೀಸಾ ಇದ್ದರೆ ಬೇಡ ಎಂಬ ಮಾತು ಅರ್ಧ ಮಾತ್ರ ನಿಜ. ಕೊಲಂಬಿಯಾದೊಳಗೆ ಕಾಲಿಡುವ ದಿನ ಆ ವೀಸಾದಲ್ಲಿ ಕನಿಷ್ಠ 180 ದಿನ ಉಳಿದಿರಬೇಕು. ಮಾರ್ಚ್ 20ರಿಂದ ಜೂನ್ ಕೊನೆಗೆ ನೂರು ಚಿಲ್ಲರೆ ದಿನ ಅಷ್ಟೆ. ಅಂದರೆ ಅಮ್ಮನಿಗೆ ರಿಯಾಯಿತಿ ಸಿಗುತ್ತದೆ, ನಿಮ್ಮಿಬ್ಬರಿಗೆ ಸಿಗುವುದಿಲ್ಲ. ಇದು ಗೊತ್ತಾಗುವುದು ಸಾಮಾನ್ಯವಾಗಿ ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ, ಬೋರ್ಡಿಂಗ್ ಪಾಸ್ ಕೊಡುವುದಿಲ್ಲ ಎಂದಾಗ. ನೀವಿಬ್ಬರೂ ಕೊಲಂಬಿಯಾ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿ. ಹೆಚ್ಚಿನ ದಾಖಲೆ ಕೇಳಿದರೆ ಒದಗಿಸಲು ಸಮಯ ಬೇಕು, ಆದ್ದರಿಂದ ಜನವರಿಯಲ್ಲೇ ಶುರು ಮಾಡಿ. ನಿಯಮಗಳು ಬದಲಾಗುತ್ತಿರುತ್ತವೆ, ಹಣ ಕಟ್ಟುವ ಮೊದಲು ಒಮ್ಮೆ ಅವರ ಕಾನ್ಸುಲೇಟ್‌ನಲ್ಲಿ ಖಚಿತ ಮಾಡಿಕೊಳ್ಳಿ.

ಅಮೆರಿಕದ ಎಚ್-1ಬಿ ಕೆಲಸದ ವೀಸಾ ಮೇಲಿರುವ ಇತರ ಓದುಗರಿಗೂ ಇಲ್ಲೇ ಒಂದು ಮಾತು. ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದು ಬರೀ ಐ-797 ಎಂಬ ಅನುಮೋದನೆಯ ಕಾಗದ ಇದ್ದರೆ ಕೊಲಂಬಿಯಾಗೆ ಹೋಗಲೇಬೇಡಿ. ಆ ಕಾಗದದ ಮೇಲೆ ಹೋಗಿ ಮರಳುವ ಸೌಲಭ್ಯ ಇರುವುದು ಕೆನಡಾ, ಮೆಕ್ಸಿಕೋಗಳ ಚಿಕ್ಕ ಪ್ರವಾಸಕ್ಕೆ. ದಕ್ಷಿಣ ಅಮೆರಿಕಕ್ಕೆ ಅದು ಅನ್ವಯಿಸುವುದಿಲ್ಲ.

ಎರಡನೆಯದು ಹಳದಿ ಜ್ವರ, ಯೆಲ್ಲೋ ಫೀವರ್. ಭಾರತ ಸರ್ಕಾರದ ಪಟ್ಟಿಯಲ್ಲಿ ಕೊಲಂಬಿಯಾ ಹಳದಿ ಜ್ವರದ ದೇಶ. ಅಲ್ಲಿಂದ ಹೊರಟ ಆರು ದಿನದೊಳಗೆ ಭಾರತಕ್ಕೆ ಬಂದಿಳಿದವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಅಮ್ಮ ಮಾರ್ಚ್ 29ಕ್ಕೆ ಬೊಗೊಟಾ ಬಿಟ್ಟು ಏಪ್ರಿಲ್ 1ಕ್ಕೆ ಡಲ್ಲಾಸ್ ಬಿಟ್ಟರೆ ಬೆಂಗಳೂರಿಗೆ ಇಳಿಯುವಾಗ ಇನ್ನೂ ಆ ಗಡುವಿನೊಳಗೇ ಇರುತ್ತಾರೆ. ನಡುವೆ ಅಮೆರಿಕದಲ್ಲಿ ಎರಡು ದಿನ ಇದ್ದರು ಎಂಬುದು ಲೆಕ್ಕಕ್ಕಿಲ್ಲ.

ಹಾಗಾದರೆ ಲಸಿಕೆ ಹಾಕಿಸಿದರಾಯಿತು ಎನ್ನಬಹುದು. ಆದರೆ ಇದು ಜೀವಂತ ವೈರಾಣುವಿನ ಲಸಿಕೆ. ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಹಾಕಿಸಿಕೊಳ್ಳುವವರಲ್ಲಿ ಗಂಭೀರ ಅಡ್ಡಪರಿಣಾಮದ ಸಂಭವ, ವಿರಳವೇ ಆದರೂ, ಕಿರಿಯರಿಗಿಂತ ಹೆಚ್ಚು. ಮೊಟ್ಟೆಯ ಅಲರ್ಜಿ ಇದ್ದವರಿಗೂ ಆಗದು. ಇನ್ನೊಂದು ಕಡೆ, ಈ ರೋಗ ಹರಡುವ ಸೊಳ್ಳೆ 2,300 ಮೀಟರ್‌ಗಿಂತ ಮೇಲೆ ಕಾಣಸಿಗುವುದು ಅಪರೂಪ. ನೀವು ಹೋಗುವ ಊರುಗಳಲ್ಲಿ ವಿಯಾ ದೆ ಲೇವಾ ಬಿಟ್ಟರೆ ಮಿಕ್ಕವೆಲ್ಲ ಅದಕ್ಕಿಂತ ಎತ್ತರ, ಲೇವಾ ಕೂಡ ಆ ಗೆರೆಯ ಹತ್ತಿರವೇ. ಅಂದರೆ ಅಮ್ಮನ ವಿಷಯದಲ್ಲಿ ಲಸಿಕೆಯ ಪ್ರಶ್ನೆ ಎದ್ದಿರುವುದು ಮುಖ್ಯವಾಗಿ ಕಾಗದಕ್ಕಾಗಿ. ನನ್ನ ಸಲಹೆ ಸರಳ: ಅಮ್ಮನ ಭಾರತದ ಟಿಕೆಟನ್ನು ಏಪ್ರಿಲ್ 8ರ ಆಚೆಗೆ ತಳ್ಳಿ. ಆಗ ಆರು ದಿನದ ನಿಯಮ ತಾನೇ ಕಳಚಿಕೊಳ್ಳುತ್ತದೆ. ತಳ್ಳಲು ಆಗುವುದೇ ಇಲ್ಲವಾದರೆ, ಅವರ ಆರೋಗ್ಯದ ಇತಿಹಾಸ ಬಲ್ಲ ವೈದ್ಯರನ್ನು ಕೇಳಿ ನಿರ್ಧರಿಸಿ. ಲಸಿಕೆಯ ಕಾರ್ಡ್ ಚಾಲ್ತಿಗೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನದ ನಂತರ ಎಂಬುದನ್ನು ಮರೆಯಬೇಡಿ.

ಈಗ ಎತ್ತರದ ವಿಚಾರ. ಅಂಕಿಗಳನ್ನು ನಮಗೆ ಗೊತ್ತಿರುವ ಜಾಗಗಳ ಪಕ್ಕ ಇಟ್ಟರೆ ಅರ್ಧ ಭಯ ಇಳಿಯುತ್ತದೆ. ವಿಯಾ ದೆ ಲೇವಾ ಸುಮಾರು 2,140 ಮೀಟರ್, ಊಟಿಗಿಂತ ಚೂರು ಕೆಳಗೆ. ಬೊಗೊಟಾ 2,640 ಮೀಟರ್, ದೊಡ್ಡಬೆಟ್ಟದ ತುದಿಯಷ್ಟು. ಬೊಯಾಕಾದ ರಾಜಧಾನಿ ತುನ್ಹಾ 2,820 ಮೀಟರ್ ಆಸುಪಾಸು, ಮೊಂಗೀ 2,900, ತೋತಾ ಸರೋವರ 3,015. ತೋತಾ ಎಂದರೆ ಹೆಚ್ಚುಕಡಿಮೆ ಬದರಿನಾಥದ ಎತ್ತರ. ಅಮ್ಮ ಊಟಿಯಲ್ಲಿ ರಾತ್ರಿ ಕಳೆದಿದ್ದರೆ ಲೇವಾದಲ್ಲಿ ಹೊಸದೇನೂ ಆಗದು. ಬದರಿ ಯಾತ್ರೆ ಮಾಡಿ ಬಂದವರಾದರೆ ಅಲ್ಲಿ ಹೇಗಿದ್ದರು ಎಂಬುದು ಬೇರೆ ಯಾವ ಪರೀಕ್ಷೆಗಿಂತಲೂ ಒಳ್ಳೆಯ ಸೂಚನೆ.

ಬೊಗೊಟಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗ. ಪ್ರತಿ ಉಸಿರಿಗೂ ದೇಹಕ್ಕೆ ಸಿಗುವ ಆಮ್ಲಜನಕವೂ ಸುಮಾರು ಕಾಲು ಭಾಗ ಕಡಿಮೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ಮೇಲೆ ಮಲಗಿದಾಗ. ಬಂದಿಳಿದ ತಕ್ಷಣ ಅಲ್ಲ, ಆರರಿಂದ ಹನ್ನೆರಡು ಗಂಟೆಯ ನಂತರ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು. ನಿಮ್ಮ ಯೋಜನೆಯ ದೋಷ ಇಲ್ಲೇ ಇದೆ. ಡಲ್ಲಾಸ್‌ನ ಬಯಲಿನಿಂದ ಒಂದೇ ದಿನಕ್ಕೆ ಬೊಗೊಟಾ, ಅಲ್ಲಿಂದ ಇನ್ನೂ ಮೇಲೆ ತೋತಾ, ಎಲ್ಲಕ್ಕಿಂತ ತಗ್ಗಿನ ಲೇವಾ ಕೊನೆಗೆ. ಇದನ್ನು ತಿರುಗಿಸಿ. ಬೊಗೊಟಾದಲ್ಲಿ ಇಳಿದ ದಿನವೇ ನೇರ ಲೇವಾಕ್ಕೆ ಹೋಗಿ ನಾಲ್ಕು ರಾತ್ರಿ ಇರಿ, ಆಮೇಲೆ ತುನ್ಹಾ ಏರಿ, ಮೊಂಗೀ ಮತ್ತು ತೋತಾ ಕೊನೆಗೆ. ಲೇವಾದ ದಾರಿ ತುನ್ಹಾ ಬಳಿಯ ಎತ್ತರವನ್ನು ಹಾದೇ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಹಾದು ಹೋಗುವುದು ಬೇರೆ, ಅಲ್ಲಿ ಮಲಗುವುದು ಬೇರೆ.

ಬಿಪಿ ಮಾತ್ರೆಯನ್ನು ಒಂದು ದಿನವೂ ಬಿಡಬಾರದು. ಮೊದಲ ಕೆಲವು ದಿನ ಒತ್ತಡ ಸ್ವಲ್ಪ ಏರಬಹುದು, ಮನೆಯ ಬಿಪಿ ಯಂತ್ರ ಒಯ್ದು ಬೆಳಗ್ಗೆ ಸಂಜೆ ನೋಡಿ ಬರೆದಿಟ್ಟುಕೊಳ್ಳಿ. ಎತ್ತರಕ್ಕೆ ಕೊಡುವ ಅಸೆಟಜೊಲಮೈಡ್ ಮಾತ್ರೆ ಈ ಹೊಸ ಕ್ರಮದಲ್ಲಿ ಬೇಕಾಗದೆ ಇರಬಹುದು. ವೈದ್ಯರು ಬರೆದುಕೊಡುವುದಾದರೆ ಎರಡು ವಿಷಯ ತಪ್ಪದೆ ಹೇಳಿ: ಸಲ್ಫಾ ಔಷಧಿಯ ಅಲರ್ಜಿ ಇದೆಯೇ, ಮತ್ತು ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶ ಸೇರಿದೆಯೇ. ಎರಡೂ ಕೂಡಿದರೆ ರಕ್ತದ ಪೊಟ್ಯಾಸಿಯಂ ಇಳಿಯಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ಯುವುದಾದರೆ, ತುನ್ಹಾದಲ್ಲಿ 90 ಚಿಲ್ಲರೆ ತೋರಿಸಿದರೆ ಗಾಬರಿ ಬೇಡ, ಆ ಎತ್ತರಕ್ಕೆ ಅದು ಸಹಜ. ನೋಡಬೇಕಾದದ್ದು ಅಂಕಿಗಿಂತ ಮನುಷ್ಯರನ್ನು. ಕುಳಿತಲ್ಲೇ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಕಾಯದೆ ಕೆಳಗಿಳಿಯಬೇಕು, ಆಸ್ಪತ್ರೆಗೆ ಹೋಗಬೇಕು. ಅಲ್ಲಿಯ ತುರ್ತು ಸಂಖ್ಯೆ 123.

ಕೋಕಾ ಟೀ ಬಿಡಿ. ಎತ್ತರದ ಕಾಯಿಲೆಗೆ ಅದು ಮದ್ದು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಪೆರು, ಬೊಲಿವಿಯಾದವರ ಅಭ್ಯಾಸವನ್ನು ನಿಮ್ಮ ಸ್ನೇಹಿತರು ಕೊಲಂಬಿಯಾಕ್ಕೆ ಅಂಟಿಸಿದ್ದಾರೆ. ಕುಡಿದರೆ ಕೊಕೇನ್ ಪತ್ತೆಯ ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು, ಟೀ ಚೀಲವನ್ನು ಅಮೆರಿಕದೊಳಗೆ ತರುವುದು ಕಾನೂನುಬಾಹಿರ. ಬೊಯಾಕಾದವರು ಚಳಿಗೆ ಕುಡಿಯುವುದು ಆಗ್ವಾ ದೆ ಪನೇಲಾ, ಅಂದರೆ ಅಚ್ಚುಬೆಲ್ಲದ ಬಿಸಿನೀರು. ಪನೇಲಾ ನಮ್ಮ ಬೆಲ್ಲವೇ, ಇದೇ ಪ್ರಾಂತ್ಯದ ಮೊನಿಕಿರಾ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕಾಯಿಸಿ ಮಾಡುತ್ತಾರೆ. ಅಮ್ಮ ಒಂದು ಗುಟುಕಿಗೇ ಗುರುತು ಹಿಡಿಯುತ್ತಾರೆ.

ವಿಭೂತಿಯ ವಿಚಾರಕ್ಕೆ ಬರೋಣ. ಈ ಅಂಜಿಕೆಗೆ ಆಧಾರವೇ ಇಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ಬೊಯಾಕಾದಲ್ಲಿ ಕೂಲಿಯವರಿಂದ ಹಿಡಿದು ಬ್ಯಾಂಕ್ ಅಧಿಕಾರಿಗಳವರೆಗೆ ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡೇ ಓಡಾಡುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿ ಅದು. ಹಣೆಯ ಬೂದಿ ದೇವರ ನೆನಪಿನದು ಎಂಬುದನ್ನು ಅವರಿಗೆ ವಿವರಿಸುವ ಅಗತ್ಯವೇ ಬೀಳದು. ಯಾರಾದರೂ ಕುತೂಹಲದಿಂದ ಕೇಳಬಹುದು, ಕೇಳಿದರೆ ಹೇಳಿ. ಚರ್ಚುಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಬಲಿಪೂಜೆಯ, ಅಂದರೆ ಮಾಸ್ ಎನ್ನುವ ಸಾಮೂಹಿಕ ಪ್ರಾರ್ಥನೆಯ, ಹೊತ್ತಿನಲ್ಲೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಚಪ್ಪಲಿ ಬಿಡಬೇಕಿಲ್ಲ, ಟೋಪಿ ತೆಗೆಯಬೇಕು, ತೋಳು ಮೊಣಕಾಲು ಮುಚ್ಚಿರಬೇಕು. ಸೀರೆ ಬಹಳ ಒಳ್ಳೆಯದು. ಒಂದೇ ಒಂದು ಗೆರೆ ದಾಟಬಾರದು: ಪಾದ್ರಿಗಳು ಹಂಚುವ ರೊಟ್ಟಿಯಾದ ಪರಮಪ್ರಸಾದಕ್ಕೆ ಸಾಲು ನಿಂತಾಗ ನೀವು ಎದ್ದು ಹೋಗಬೇಡಿ. ನಮ್ಮಲ್ಲಿ ಪ್ರಸಾದ ಬೇಡ ಎನ್ನುವುದು ಅಗೌರವ. ಅಲ್ಲಿ ತದ್ವಿರುದ್ಧ, ಅದು ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಮಾತ್ರ. ಸುಮ್ಮನೆ ಕೂತಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಮ್ಮನಿಗೆ ಏನಾದರೂ ಅರ್ಪಿಸಬೇಕೆನಿಸಿದರೆ ಒಂದು ಮೇಣದಬತ್ತಿ ಹಚ್ಚಲಿ.

ಚೂಪು ಟೊಪ್ಪಿಗೆಯವರು ನಸರೇನೋಗಳು. ಅಮೆರಿಕದಲ್ಲಿ ಇದ್ದವರಿಗೆ ಆ ವೇಷ ಜನಾಂಗದ್ವೇಷಿ ಗುಂಪೊಂದನ್ನು ನೆನಪಿಸುವುದು ಸಹಜ, ಆದರೆ ಇದು ಅದಕ್ಕಿಂತ ಶತಮಾನಗಳಷ್ಟು ಹಳೆಯದು, ಸ್ಪೇನಿನಿಂದ ಬಂದದ್ದು. ಪ್ರಾಯಶ್ಚಿತ್ತ ಮಾಡಿಕೊಳ್ಳುವವನು ತನ್ನ ಗುರುತನ್ನು ಮರೆಸಿಕೊಳ್ಳಬೇಕು, ಯಾರು ಹೊತ್ತರು ಎಂಬ ಹೆಸರು ಊರಿಗೆ ತಿಳಿಯಬಾರದು ಎಂಬುದು ಅದರ ಅರ್ಥ. ಪಾಸೋ ಎಂದು ಕರೆಯುವ ಭಾರದ ಮರದ ಅಡ್ಡೆಗಳ ಮೇಲೆ ಮೂರ್ತಿಗಳನ್ನಿಟ್ಟು ಹೆಗಲ ಮೇಲೆ ಹೊತ್ತು ಸಾಗುತ್ತಾರೆ. ಅಡ್ಡಪಲ್ಲಕ್ಕಿ ಕಂಡವರಿಗೆ ಆ ಹೆಜ್ಜೆ ಹೊಸದಲ್ಲ. ಮೆರವಣಿಗೆ ಹಾದುಹೋಗುವಾಗ ಎದ್ದು ನಿಲ್ಲಿ, ಸಾಲನ್ನು ಸೀಳಿ ರಸ್ತೆ ದಾಟಬೇಡಿ, ಫ್ಲಾಶ್ ಬೇಡ.

ಇಲ್ಲಿ ಇನ್ನೊಂದು ತಿದ್ದುಪಡಿ. ಗುರುವಾರ, ಶುಕ್ರವಾರ ಲೇವಾದಲ್ಲಿ ಇರುವ ಬದಲು ತುನ್ಹಾದಲ್ಲಿ ಇರಿ. ಲೇವಾ ಚೆಲುವಾದ ಊರು, 1572ರಲ್ಲಿ ಕಟ್ಟಿದ್ದು, 14,000 ಚದರ ಮೀಟರಿನ ಕಲ್ಲುಹಾಸಿನ ಚೌಕ ಅದರದು. ಆದರೆ ಆ ಎರಡು ದಿನ ಬೊಗೊಟಾದ ರಜೆಯ ಜನವೆಲ್ಲ ಅಲ್ಲಿಗೇ ಬರುತ್ತದೆ, ಕೋಣೆಯ ಬಾಡಿಗೆ ಏರುತ್ತದೆ, ಚೌಕದ ತುಂಬ ಸಂತೆಯಂಥ ಗದ್ದಲ. ತುನ್ಹಾ ಆಡಳಿತದ, ಕಾಲೇಜುಗಳ ಊರು. ರಜೆಗೆ ಅಲ್ಲಿಯ ಹೋಟೆಲುಗಳಲ್ಲಿ ಜಾಗ ಸಿಗುವ ಸಂಭವ ಹೆಚ್ಚು. 1539ರಲ್ಲಿ ಸ್ಥಾಪನೆಯಾದ ಹಳೆಯ ಊರಿನ ಚರ್ಚುಗಳು ನಡೆಯುವಷ್ಟು ಹತ್ತಿರ ಹತ್ತಿರ ಇವೆ. ಇದರ ಬೆಲೆ ತಿಳಿಯುವುದು ಪವಿತ್ರ ಗುರುವಾರ ರಾತ್ರಿ. ಅಂದು ಪ್ರತಿ ಚರ್ಚಿನಲ್ಲೂ ಪರಮಪ್ರಸಾದವನ್ನು ಹೂವು, ಮೇಣದಬತ್ತಿಗಳಿಂದ ಸಿಂಗರಿಸಿದ ಪೀಠದಲ್ಲಿ ಇಡುತ್ತಾರೆ, ಅದಕ್ಕೆ ಮೊನುಮೆಂತೊ ಎನ್ನುತ್ತಾರೆ. ಮನೆಮಂದಿಯೆಲ್ಲ ಕೂಡಿ ಒಂದೇ ರಾತ್ರಿ ಏಳು ಚರ್ಚುಗಳ ದರ್ಶನ ಮಾಡುವುದು ವಾಡಿಕೆ. ಅಮ್ಮನ ಮೊಣಕಾಲಿಗೆ ಏಳು ಕಷ್ಟ, ಮೂರು ಸಾಕು. ಸಾಂತೊ ದೊಮಿಂಗೊ ಚರ್ಚಿನ ಜಪಸರ ಮಾತೆಯ, ಅಂದರೆ ಜಪಮಾಲೆಯ ಮೇರಿಯ, ಗುಡಿಯನ್ನು ಮಾತ್ರ ಬಿಡಬೇಡಿ, ಒಳಗಿನ ಬಂಗಾರದ ಹೊದಿಕೆಯ ಮರಗೆತ್ತನೆ ದೀಪದಲ್ಲಿ ನೋಡಬೇಕಾದದ್ದು.

ಗುರುವಾರ ಸಂಜೆಯ ಪೂಜೆಯಿಂದ ಶನಿವಾರ ರಾತ್ರಿಯ ಈಸ್ಟರ್ ಜಾಗರಣೆಯವರೆಗೆ ಗಂಟೆ ಬಾರಿಸುವುದಿಲ್ಲ. ಅದರ ಬದಲು ಮತ್ರಾಕಾ ಎಂಬ ಮರದ ಸಾಧನವನ್ನು ತಿರುವಿ ಕಟಕಟ ಸದ್ದು ಮಾಡುತ್ತಾರೆ. ಶುಕ್ರವಾರ ಬಲಿಪೂಜೆ ಇಲ್ಲ. ಹಗಲು ಶಿಲುಬೆ ಹಾದಿ, ಮಧ್ಯಾಹ್ನ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪ್ರವಚನ, ಸಂಜೆ ಪವಿತ್ರ ಸಮಾಧಿಯ ಮೆರವಣಿಗೆ. ಸಂಜೆ ಮಳೆ ಬಂದರೆ ಮೂರ್ತಿಗಳನ್ನು ಹೊರತೆಗೆಯದೆಯೂ ಇರಬಹುದು, ಅವು ಹಳೆಯ ಬಣ್ಣದ ಮರದವು. ಮಾರ್ಚ್ ಕೊನೆ ಅಲ್ಲಿ ಮೊದಲ ಮಳೆಗಾಲದ ಆರಂಭ, ಬೆಳಗ್ಗೆ ಬಿಸಿಲಿದ್ದು ಮಧ್ಯಾಹ್ನದ ಮೇಲೆ ಸುರಿಯುವುದೇ ಹೆಚ್ಚು.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಲೇವಾದಲ್ಲಿ ಇರುತ್ತೀರಿ. ಯಾರಾದರೂ ಮೇಣದ ಪಾಮ್ ಮರದ ಎಳೆಗರಿ ಮಾರಿದರೆ ಕೊಳ್ಳಬೇಡಿ. 1985ರ ಕಾನೂನಿನಿಂದ ಅದು ಕೊಲಂಬಿಯಾದ ರಾಷ್ಟ್ರವೃಕ್ಷ, ಬೆಳೆಯುವುದು ಬಹಳ ನಿಧಾನ. ಈ ಒಂದು ಹಬ್ಬಕ್ಕಾಗಿ ಎಳೆಯ ಸುಳಿಗಳನ್ನು ಕಡಿದದ್ದೂ ಅದನ್ನು ಅಪಾಯಕ್ಕೆ ತಂದಿದೆ, ಅದರ ಪೊಟರೆಯಲ್ಲಿ ಗೂಡು ಕಟ್ಟುವ ಹಳದಿ ಕಿವಿಯ ಗಿಳಿಯೂ ಅದರೊಂದಿಗೆ ಸೊರಗಿತು. ಈಗ ಚರ್ಚೇ ಬೇರೆ ಗಿಡಗಳ ರೆಂಬೆ ತನ್ನಿ ಎನ್ನುತ್ತದೆ.

ಮಂಗಳವಾರ ಲೇವಾದಿಂದ ಚಿಕಿಂಕಿರಾಕ್ಕೆ ಹೋಗಿಬನ್ನಿ, ಇದು ನಿಮ್ಮ ಪಟ್ಟಿಯಲ್ಲಿ ಇಲ್ಲದಿರುವುದು ಆಶ್ಚರ್ಯ. ಕೊಲಂಬಿಯಾದ ಪಾಲಕಿಯಾದ ಜಪಸರ ಮಾತೆಯ ಚಿತ್ರ ಇರುವುದು ಅಲ್ಲಿಯ ಮಹಾದೇವಾಲಯದಲ್ಲಿ. ಅಲೊನ್ಸೊ ದೆ ನಾರ್ವಾಯೆಸ್ ಎಂಬ ಚಿತ್ರಕಾರ 16ನೇ ಶತಮಾನದಲ್ಲಿ ಸ್ಥಳೀಯರು ನೇಯ್ದ ಹತ್ತಿ ಬಟ್ಟೆಯ ಮೇಲೆ ಬರೆದದ್ದು. ಸೋರುವ ಗುಡಿಯಲ್ಲಿ ಬಣ್ಣ ಮಾಸಿ ಹರಿದುಹೋಗಿದ್ದ ಬಟ್ಟೆ, 1586ರ ಡಿಸೆಂಬರ್ 26ರಂದು ಮರಿಯಾ ರಾಮೋಸ್ ಎಂಬ ಭಕ್ತೆಯ ಕಣ್ಣೆದುರು ತಾನಾಗಿ ಹೊಸದಾಯಿತು ಎಂಬುದು ನಂಬಿಕೆ. ಆ ಜಾಗದಲ್ಲಿ ನವೀಕರಣದ ಚರ್ಚು ಪ್ರತ್ಯೇಕವಾಗಿದೆ, ಎರಡನ್ನೂ ನೋಡಿ. ದಾರಿಯಲ್ಲಿ ಕುಂಬಾರರ ಊರು ರಾಕಿರಾ ಸಿಗುತ್ತದೆ. ಮಣ್ಣಿನ ಪಾತ್ರೆ ಕೊಂಡರೆ ಕೈಚೀಲದಲ್ಲೇ ಒಯ್ಯಿರಿ, ಕಡಿಮೆ ಶಾಖದಲ್ಲಿ ಸುಟ್ಟವು ಸೂಟ್‌ಕೇಸಿನಲ್ಲಿ ಉಳಿಯುವುದಿಲ್ಲ.

ಊಟಕ್ಕೆ ಆ ವಾರ ಸಲೀಸು ಎಂಬ ಲೆಕ್ಕ ತಪ್ಪು. ಕ್ಯಾಥೊಲಿಕ್ ನಿಯಮದಲ್ಲಿ ಮಾಂಸ ಬಿಡುವುದೆಂದರೆ ಮೀನು ತಿನ್ನುವುದು. ಶುಭ ಶುಕ್ರವಾರ ‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲದ್ದು, ಎಂದು ಕೇಳಿದರೆ ಮೀನಿನ ತಟ್ಟೆ ಬರುತ್ತದೆ. ಬೇರೆ ದಿನ ಕೇಳಿದರೆ ಕೋಳಿ ಬರಬಹುದು, ಏಕೆಂದರೆ ಆಡುಮಾತಿನಲ್ಲಿ ಕಾರ್ನೆ ಎಂದರೆ ದನದ ಅಥವಾ ಹಂದಿಯ ಮಾಂಸ. ಆದ್ದರಿಂದ ಒಂದೊಂದನ್ನೂ ಹೆಸರಿಸಿ ಹೇಳಬೇಕು: ‘ನೊ ಕೋಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ, ನಿ ವೇವೊ.’ ಮಾಂಸ, ಕೋಳಿ, ಮೀನು, ಮೊಟ್ಟೆ ತಿನ್ನುವುದಿಲ್ಲ ಎಂದು. ಇದರಷ್ಟೇ ಮುಖ್ಯವಾದ ಎರಡನೆಯ ವಾಕ್ಯ: ‘ಎಸ್ತಾ ಏಚೊ ಕೊನ್ ಕಾಲ್ದೊ ದೆ ಕಾರ್ನೆ ಓ ದೆ ಪೊಯೊ?’ ಇದು ಮಾಂಸದ ಅಥವಾ ಕೋಳಿಯ ಸಾರಿನಲ್ಲಿ ಮಾಡಿದ್ದೇ? ಬೊಯಾಕಾ ಅಡುಗೆಯಲ್ಲಿ ಮಾಂಸ ಅಡಗುವುದು ಸೂಪಿನಲ್ಲಿ. ಗೋಧಿನುಚ್ಚಿನ ಕುಚೂಕೊಗೆ ಹಂದಿಯ ಬೆನ್ನೆಲುಬು ಹಾಕುತ್ತಾರೆ. ಮಸಾಮೊರ್ರಾ ಚಿಕೀತಾ ಎಂಬ ಮುಸುಕಿನ ಜೋಳದ ಗಂಜಿ ನೋಡಲು ಸಾಧು, ಒಳಗೆ ದನದ ಮಾಂಸ. ಬೀನ್ಸ್, ಮಸೂರಬೇಳೆಯ ಪಲ್ಯಕ್ಕೆ ಹಂದಿ ತುಂಡು ಅಥವಾ ಕೋಳಿ ಸಾರಿನ ಕ್ಯೂಬ್. ಚೂರು ಎತ್ತಿಟ್ಟು ಕೊಟ್ಟರೆ ಆಯಿತು ಎಂಬುದು ಅವರ ಒಳ್ಳೆಯ ಮನಸ್ಸಿನ ಉಪಾಯ, ಅಮ್ಮನಿಗೆ ಅದು ನಡೆಯದು.

ಧೈರ್ಯವಾಗಿ ತಿನ್ನಬಹುದಾದವೂ ಇವೆ. ಬೇಯಿಸಿದ ಹಳದಿ ಪುಟ್ಟ ಆಲೂಗಡ್ಡೆ ಪಾಪಾ ಕ್ರಿಯೊಯಾ, ಹಾಬಾಸ್ ಎಂಬ ದೊಡ್ಡ ಹಸಿ ಅವರೆಯಂಥ ಕಾಳು, ಸುಟ್ಟ ಮುಸುಕಿನ ಜೋಳ, ಬೆಣ್ಣೆಹಣ್ಣು, ಕುಬಿಯೊ ಮತ್ತು ಇಬಿಯಾ ಎಂಬ ಅಲ್ಲಿನದೇ ಗೆಡ್ಡೆಗಳು, ಸೀಬೆಹಣ್ಣಿನ ಗಟ್ಟಿ ಮಿಠಾಯಿ ಬೊಕಾದೀಯೊ. ಮುಸುಕಿನ ಜೋಳದ ರೊಟ್ಟಿ ಅರೇಪಾಕ್ಕೆ ಹಿಟ್ಟಿನಲ್ಲಿ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿ, ಕೆಲವರು ಹಾಕುತ್ತಾರೆ. ಆಲ್ಮೊಹಾಬಾನಾ ಎಂಬ ಚೀಸ್ ಬನ್ನಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇದ್ದೇ ಇರುತ್ತದೆ. ಬೆಲ್ಲದ ಪಾಕ ಸುರಿದ ಹಸಿ ಚೀಸ್ ಅಮ್ಮನಿಗೆ ರುಚಿಸೀತು, ಆದರೆ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರಬಹುದು. ಅದು ಅವರಿಗೆ ಮುಖ್ಯವೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ನನ್ನ ಮಾತು ಕೇಳುವುದಾದರೆ ಲೇವಾ, ತುನ್ಹಾ ಎರಡರಲ್ಲೂ ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ. ಅಕ್ಕಿ, ಮಸೂರ, ಕಡಲೆ, ಕೊತ್ತಂಬರಿ, ಆಲೂಗಡ್ಡೆ ಎಲ್ಲ ಅಲ್ಲೇ ಸಿಗುತ್ತದೆ. ಸಾರಿನ ಪುಡಿ, ಸಾಸಿವೆ ಒಗ್ಗರಣೆಯ ಸಿದ್ಧ ಪ್ಯಾಕೆಟ್‌ಗಳನ್ನು ಕಾರ್ಖಾನೆಯ ಮುಚ್ಚಳ ಒಡೆಯದೆ ಒಯ್ಯಿರಿ, ಕಸ್ಟಮ್ಸ್‌ನಲ್ಲಿ ಕೇಳಿದರೆ ತೋರಿಸಿ. ಹಸಿ ಹಣ್ಣು, ತರಕಾರಿ, ಬಿತ್ತಬಹುದಾದ ಬಿಡಿ ಕಾಳು ಬೇಡ. ಬಾಡಿಗೆಗೆ ಮೊದಲು ಒಂದು ಪ್ರಶ್ನೆ: ‘ಓಯಾ ಆ ಪ್ರೆಸಿಯೊನ್’ ಇದೆಯೇ, ಅಂದರೆ ಕುಕ್ಕರ್. ತುನ್ಹಾದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕಡಲೆ ಬೇಗ ಮೆತ್ತಗಾಗದು, ಅನ್ನವೂ ನಡುವೆ ಗಟ್ಟಿ ಉಳಿಯುತ್ತದೆ. ಕುಕ್ಕರಿನಲ್ಲೂ ಒಂದೆರಡು ವಿಷಲ್ ಹೆಚ್ಚು ಕೂಗಿಸಿ.

ಸುರಕ್ಷತೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಕೊಲಂಬಿಯಾ ಎಂದರೆ ಒಂದೇ ಬಣ್ಣದ ನಕಾಶೆಯಲ್ಲ. ಅಮೆರಿಕ ಸರ್ಕಾರ ಹೋಗಲೇಬೇಡಿ ಎನ್ನುವ ಅರೌಕಾ ಪ್ರಾಂತ್ಯ ಬೊಯಾಕಾದ ಈಶಾನ್ಯ ಗಡಿಗೆ ತಾಗಿಕೊಂಡಿದೆ, ಆದರೆ ನಿಮ್ಮ ಊರುಗಳು ಅಲ್ಲಿಂದ ಬೆಟ್ಟಸಾಲಿನ ಈಚೆ ಬದಿಯಲ್ಲಿವೆ. ಹೊರಡುವ ಮುನ್ನ ಆ ಸೂಚನೆಯನ್ನು ಮತ್ತೊಮ್ಮೆ ಓದಿಕೊಳ್ಳಿ. ಈ ಊರುಗಳಲ್ಲಿ ಎಚ್ಚರ ಬೇಕಿರುವುದು ಜೇಬುಗಳ್ಳರ ಬಗ್ಗೆ, ಅದೂ ಗುರುವಾರ ರಾತ್ರಿಯ ಗುಂಪಿನಲ್ಲಿ ಮತ್ತು ಬೊಗೊಟಾದ ಬಸ್ ನಿಲ್ದಾಣದಲ್ಲಿ. ‘ನೊ ದಾರ್ ಪಪಾಯಾ’ ಎನ್ನುತ್ತಾರೆ ಅಲ್ಲಿಯವರು, ಪಪ್ಪಾಯ ಕೊಡಬೇಡ ಎಂದು. ಕಳ್ಳನ ಕೈಗೆ ನೀನಾಗಿ ಅವಕಾಶ ಇಡಬೇಡ ಎಂಬರ್ಥ. ಅಮ್ಮನ ಸರ, ಬಳೆ ಸೀರೆ ಸ್ವೆಟರಿನ ಒಳಗಿರಲಿ. ಬೀದಿಯಲ್ಲಿ ಕೈತೋರಿಸಿ ಟ್ಯಾಕ್ಸಿ ಹತ್ತಬೇಡಿ, ಹೋಟೆಲಿನಿಂದ ಕರೆಸಿ. ಪಚ್ಚೆಕಲ್ಲನ್ನು ಬೀದಿಯಲ್ಲಿ ಕೊಳ್ಳಲೇಬೇಡಿ.

ಜನ ಮಾತ್ರ ಬಹಳ ಮೆದು. ಬೊಯಾಕಾದವರು ನಿಮ್ಮನ್ನು ‘ಸುಮೆರ್ಸೆ’ ಎಂದು ಕರೆಯುತ್ತಾರೆ. ‘ತಮ್ಮ ಕೃಪೆ’ ಎಂಬ ಹಳೆಯ ಸ್ಪ್ಯಾನಿಷ್ ಗೌರವಪದ ಸವೆದು ಆದ ಮಾತು. ಅಂಗಡಿಯಜ್ಜಿ ಮೊಮ್ಮಗನನ್ನೂ ಹಾಗೇ ಕರೆಯುತ್ತಾಳೆ. ಗೌರವ, ಮಮತೆ ಎರಡೂ ಒಂದೇ ಪದದಲ್ಲಿ. ಅಮ್ಮನಿಗೆ ಈ ಒಂದು ಪದ ಕಲಿಸಿಕೊಟ್ಟರೆ ಅರ್ಧ ಕೆಲಸ ಆಗುತ್ತದೆ.

ವಾಹನದ ಬಗ್ಗೆ ನನ್ನ ಒಲವು ಚಾಲಕರ ಸಮೇತ ಬಾಡಿಗೆ ಕಾರಿನ ಕಡೆಗೆ, ಎಲ್ಲ ದಿನಕ್ಕೂ ಅಲ್ಲ, ಬರುವ ದಿನ, ಚಿಕಿಂಕಿರಾದ ದಿನ, ಮೊಂಗೀ ಮತ್ತು ತೋತಾದ ದಿನ, ಹೋಗುವ ದಿನ. ನೀವೇ ಓಡಿಸಿದರೆ ಅಗ್ಗ, ಹೆದ್ದಾರಿಯೂ ಚೆನ್ನಾಗಿದೆ. ಆದರೆ ತುನ್ಹಾದ ಹಿಂದುಮುಂದಿನ ಮಂಜು, ಹಳ್ಳಿಗಳ ರಸ್ತೆಯುಬ್ಬು, ರಸ್ತೆ ತುಂಬ ಸೈಕಲ್ ಸವಾರರು ಹೊಸಬರಿಗೆ ದಣಿವು. ಜಗದ್ವಿಖ್ಯಾತ ಸೈಕಲ್ ಪಟು ನೈರೊ ಕಿಂತಾನಾ ಇದೇ ಸೀಮೆಯವರು, ರಜೆಯ ದಿನ ಅರ್ಧ ಪ್ರಾಂತ್ಯ ಪೆಡಲ್ ಮೇಲೆ ಇರುತ್ತದೆ. ಬಸ್ಸಿನಲ್ಲಿ ತುನ್ಹಾದಿಂದ ಲೇವಾಕ್ಕೆ ಒಂದು ಗಂಟೆಯೊಳಗೆ ಹೋಗಬಹುದು, ಆದರೆ ಚಿಕ್ಕ ಬಸ್ಸುಗಳು ಸಂಜೆ ಬೇಗ ನಿಲ್ಲುತ್ತವೆ.

2027ರಲ್ಲಿ ಒಂದು ವಿಶೇಷ ಗಮನಿಸಿ. ಮಾರ್ಚ್ 19ರ ಸಂತ ಜೋಸೆಫರ ಹಬ್ಬದ ರಜೆ ಅಲ್ಲಿಯ ಕಾನೂನಿನಂತೆ ಮುಂದಿನ ಸೋಮವಾರಕ್ಕೆ ಹೋಗುತ್ತದೆ, ಅಂದರೆ 22ಕ್ಕೆ. ಹಾಗಾಗಿ ಆ ವಾರ ಬ್ಯಾಂಕು, ಕಚೇರಿ ತೆರೆಯುವುದು ಮಂಗಳವಾರ, ಬುಧವಾರ ಮಾತ್ರ. ನಗದು ಬುಧವಾರದೊಳಗೆ ತೆಗೆದಿಟ್ಟುಕೊಳ್ಳಿ, ಹಳ್ಳಿಯ ಎಟಿಎಂಗಳು ರಜೆಯಲ್ಲಿ ಬರಿದಾಗುತ್ತವೆ. ನೀವು ಇಳಿಯುವ ಶನಿವಾರ ಬೊಗೊಟಾ ಬಿಡುವವರ ನೂಕುನುಗ್ಗಲು ಇರುತ್ತದೆ, ನಾಲ್ಕು ಗಂಟೆಯ ದಾರಿಗೆ ಆರು ಗಂಟೆ ಇಟ್ಟುಕೊಳ್ಳಿ. ವಿಮಾನ ಹತ್ತುವ ಮೊದಲು ಚೆಕ್-ಮಿಗ್ ಎಂಬ ವಲಸೆ ಅರ್ಜಿಯನ್ನು 72 ಗಂಟೆಯೊಳಗೆ ತುಂಬಬೇಕು. ಅದು ಉಚಿತ, ಹಣ ಕೇಳುವ ತಾಣಗಳೆಲ್ಲ ನಕಲಿ.

ಬಟ್ಟೆಗೆ ಬಂದರೆ, ತುನ್ಹಾದಲ್ಲಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ಸಾಮಾನ್ಯ ವಸತಿಗಳಲ್ಲಿ ಹೀಟರ್ ಇರುವುದಿಲ್ಲ. ಹೆಚ್ಚು ಕಂಬಳಿಗೆ ‘ಕೊಬೀಹಾ’ ಎಂದು ಕೇಳಿ. ಅಮ್ಮನಿಗೆ ನಮ್ಮ ಕುರುಬರ ಕಂಬಳಿಯ ಹಾಗೆ ಹೊದ್ದುಕೊಳ್ಳುವ ಉಣ್ಣೆಯ ರುವಾನಾ ಒಂದನ್ನು ಕೊಡಿಸಿ, ನೊಬ್ಸಾ ಊರಿನವು ಹೆಸರುವಾಸಿ, ಮೊಂಗೀ ದಾರಿಯಲ್ಲೇ ಸಿಗುತ್ತದೆ. ಲೇವಾದ ಚೌಕದ ಕಲ್ಲುಗಳು ಉರುಟು, ಹವಾಯಿ ಚಪ್ಪಲಿಯಲ್ಲಿ ಕಾಲು ಹೊರಳುತ್ತದೆ. ಹಿಮ್ಮಡಿ ಹಿಡಿಯುವ ಬೂಟು, ಒಂದು ಊರುಗೋಲು ಇರಲಿ.

ಮೊಂಗೀಯಲ್ಲಿ ನಿಮಗಿಬ್ಬರಿಗೆ ಒಸೆತಾ ಪಾರಮೊ ಎಂಬ ಎತ್ತರದ ಹುಲ್ಲುಗಾವಲು ಹತ್ತುವ ಆಸೆ ಇದ್ದರೆ, ಅದು ಸುಮಾರು 3,900 ಮೀಟರ್ ಮುಟ್ಟುವ ಇಡೀ ದಿನದ ನಡಿಗೆ, ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಹೋಗಬಾರದು. ಅಮ್ಮನನ್ನು ಕರೆದೊಯ್ಯಬೇಡಿ, ಒಬ್ಬರನ್ನೇ ಕೋಣೆಯಲ್ಲಿ ಬಿಟ್ಟೂ ಹೋಗಬೇಡಿ. ಒಬ್ಬರು ಹತ್ತಿ, ಇನ್ನೊಬ್ಬರು ಅಮ್ಮನ ಜೊತೆ ಕೆಂಪುಕಲ್ಲಿನ ಬಸಿಲಿಕಾ ನೋಡಿ, ಚೆಂಡು ಹೊಲಿಯುವ ಮನೆಗಳ ಬೀದಿಯಲ್ಲಿ ಅಡ್ಡಾಡಲಿ. ಫುಟ್‌ಬಾಲ್ ತಯಾರಿಕೆಯೇ ಆ ಊರಿನ ಕಸುಬು.

ಈಸ್ಟರ್ ಭಾನುವಾರ ಬೊಗೊಟಾಕ್ಕೆ ಮರಳಬೇಡಿ. ಅಂದು ಮಧ್ಯಾಹ್ನದ ಮೇಲೆ ಇಡೀ ದೇಶದ ರಜೆ ಮುಗಿದು ರಾಜಧಾನಿಯ ಹೆಬ್ಬಾಗಿಲಲ್ಲಿ ಸಾಲು ನಿಲ್ಲುತ್ತದೆ, ನಂಬರ್ ಪ್ಲೇಟಿನ ಸಮ-ಬೆಸ ಅಂಕಿಯ ಮೇಲೆ ಇಂತಿಷ್ಟು ಗಂಟೆ ಮಾತ್ರ ಒಳಗೆ ಬಿಡುವ ನಿಯಮವೂ ಜಾರಿಯಾಗುತ್ತದೆ. ಭಾನುವಾರ ರಾತ್ರಿಗೆ ತುನ್ಹಾಕ್ಕೆ ಇಳಿದು ಮಲಗಿ. ಸೋಮವಾರ ಬೆಳಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನದ ಒಳಗೆ ವಿಮಾನ ನಿಲ್ದಾಣ ಸೇರುತ್ತೀರಿ. ವಾಪಸು ವಿಮಾನವನ್ನು ಸಂಜೆ ನಾಲ್ಕರ ನಂತರದ್ದೇ ಹಿಡಿಯಿರಿ.